ಹುಣಸೆಹಣ್ಣು ಹಾಕಿ ತೊಳೆದ ರಿವಾಲ್ವರ್

ಆ ರಿವಾಲ್ವರ್ ಕಂಡರೆ ನನಗೆ ಮೊದಲಿನಿಂದಲೂ ಹೇಸಿಗೆ. ನನ್ನ ಗಂಡ ಅದನ್ನು ನೆಲ್ಸನ್ ಊರಿನ ಒಂದು ಹರಾಜಿನಲ್ಲಿ ಕೊಂಡು, ಎಳೆಮಗುವಿನಂತೆ ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ನೂರು ವರ್ಷಕ್ಕಿಂತ ಹಳೆಯದು, ಅದಕ್ಕೆ ಹೊಂದುವ ಗುಂಡು ಈಗೆಲ್ಲೂ ತಯಾರಾಗುವುದಿಲ್ಲ, ಹಾಗಾಗಿ ಲೈಸೆನ್ಸೂ ಬೇಡ ಎಂದು ನನ್ನನ್ನು ಒಪ್ಪಿಸಿದರು. ಈ ಪರದೇಶದಲ್ಲಿ, ಟೌರಂಗಾ ಊರಿನ ನಮ್ಮ ಮನೆಗೆ ಊಟಕ್ಕೆ ಬಂದ ಗಂಡಸರೆಲ್ಲ ಬಿಸಿಬೇಳೆಬಾತ್ ತಿಂದ ಕೈ ಒರೆಸಿಕೊಂಡು ಅದನ್ನು ಎತ್ತಿಕೊಳ್ಳುತ್ತಿದ್ದರು. ಒಬ್ಬರ ಎದೆಗೊಬ್ಬರು ಗುರಿಯಿಟ್ಟು ಹಲ್ಲು ಕಿರಿಯುತ್ತಿದ್ದರು. ನಾನು ವೃದ್ಧಾಶ್ರಮದಲ್ಲಿ ನರ್ಸ್. ಮಲಮೂತ್ರ ಬಳಿಯುವಾಗ ಬಾರದ ವಾಕರಿಕೆ ನನಗೆ ಅದನ್ನು ನೋಡುವಾಗ ಬರುತ್ತಿತ್ತು.

ಹೋದ ವರ್ಷ ಗಂಡ ಹೃದಯಾಘಾತದಿಂದ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿಯುವವರೆಗೆ ಮನೆ ತುಂಬ ಜನ. ಆಮೇಲೂ ಬರುವುದನ್ನು ಬಿಡದವರು ಒಬ್ಬರೇ: ಮೈಸೂರಿನ ಕಾಲೇಜು ದಿನಗಳಿಂದ ಅವರ ಗೆಳೆಯರಾಗಿದ್ದ ಡಾಕ್ಟರು. ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಅಣ್ಣ ಎನ್ನುತ್ತಿದ್ದೆ. ಪ್ರತಿ ಭಾನುವಾರ ಒಂದು ಚೀಲ ಕಿವಿಹಣ್ಣು ತಂದು, ಕಾಫಿ ಕುಡಿದು, ಸೋರುವ ನಲ್ಲಿಯೋ ಕಾರಿನ ಟೈರೋ ಏನಾದರೂ ನೋಡಿಕೊಟ್ಟು ಹೋಗುತ್ತಿದ್ದರು. ನನ್ನ ಮಗಳು ಹ್ಯಾಮಿಲ್ಟನ್ನಿನಲ್ಲಿ ಓದುತ್ತಾಳೆ. ಅವಳಿಗೆ ನನ್ನ ಕನ್ನಡ ಅರ್ಥವಾಗುತ್ತದೆ, ಬರುವ ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಇಡೀ ವಾರದಲ್ಲಿ ನಾನು ಬಾಯ್ತುಂಬ ಕನ್ನಡ ಮಾತಾಡುತ್ತಿದ್ದದ್ದು ಆ ಒಂದು ಬೆಳಗ್ಗೆ ಮಾತ್ರ.

ಒಂದು ಭಾನುವಾರ ಡಾಕ್ಟರು ಕಾಫಿ ಲೋಟ ಕೆಳಗಿಟ್ಟು ಕೇಳಿದರು.

“ಆ ರಿವಾಲ್ವರ್ ಏನ್ ಮಾಡ್ಬೇಕು ಅಂತಿದೀಯಾ ತಂಗಿ?”

“ಹ್ಯಾಮಿಲ್ಟನ್‌ನಲ್ಲಿ ಒಂದು ಅಂಗಡಿ ಇದೆಯಂತೆ ಅಣ್ಣ, ಇಂಥಾ ಹಳೇ ಸಾಮಾನು ತಗೊಳ್ತಾರಂತೆ. ಮಾರಿಬಿಡೋಣ ಅಂತ.”

“ಅಂಗಡಿಯವನಿಗ್ಯಾಕೆ ಕೊಡ್ತೀಯ? ನನ್ನ ಗೆಳೆಯನ ನೆನಪು ಅದು. ನಮ್ಮನಮ್ಮಲ್ಲಿ ದುಡ್ಡಿನ ಮಾತು ಚೆನ್ನಾಗಿರಲ್ಲ. ವಸ್ತುವಿಗೆ ವಸ್ತು ಇರ್ಲಿ. ನಮ್ಮಮ್ಮನ ಬೆಳ್ಳಿ ದೀಪ ಒಂದು ಜೊತೆ ಇದೆ, ಅದನ್ನ ಕೊಡ್ತೀನಿ. ಆಯುಧಪೂಜೆಗೆ ಇದನ್ನ ನಮ್ಮನೇಲಿ ಇಟ್ಟು ಪೂಜೆ ಮಾಡ್ತೀನಿ.”

ನಾನು ಒಂದು ವಾರ ಯೋಚಿಸಿದೆ. ಮಾರಿದರೆ ಪೀಡೆ ತೊಲಗುತ್ತದೆ, ಮತ್ತೆ ಅದರ ಮುಖ ನೋಡಬೇಕಾಗಿಲ್ಲ. ಅದಲುಬದಲು ಮಾಡಿಕೊಂಡರೆ ಗಂಡ ಅಷ್ಟು ಆಸೆಪಟ್ಟು ತಂದದ್ದು ಅವರ ಗೆಳೆಯನ ಮನೆಯಲ್ಲಿ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಭಾನುವಾರದ ಮನುಷ್ಯನಿಗೆ ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಆಗಲಿ ಅಣ್ಣ ಎಂದು ಫೋನು ಮಾಡಿದೆ.

ಕೊಡುವ ಹಿಂದಿನ ದಿನ ಅದನ್ನು ಪೆಟ್ಟಿಗೆಯಿಂದ ತೆಗೆದು ನೋಡಿದೆ. ಕಪ್ಪುಕಪ್ಪಾಗಿ, ಅಲ್ಲಲ್ಲಿ ಕಂದು ಕಲೆಯಾಗಿ, ಎಷ್ಟೋ ಜನರ ಬೆವರು ಕುಡಿದು ಕೊಳಕಾಗಿತ್ತು. ಗಂಡ ತೀರಿಹೋದ ವರ್ಷ, ನಮ್ಮ ಮನೆಯಲ್ಲಿ ಹಬ್ಬವಿಲ್ಲ, ಸರಿ. ಆದರೆ ಇನ್ನೊಬ್ಬರ ಮನೆಯ ಪೂಜೆಗೆ ಹೋಗುವ ವಸ್ತುವನ್ನು ಹೀಗೆ ಕೊಡುವುದುಂಟೆ? ಹುಣಸೆಹಣ್ಣು ನೆನೆಹಾಕಿ, ಉಪ್ಪು ಬೆರೆಸಿ, ಪೂಜೆಯ ಹಿತ್ತಾಳೆ ಪಾತ್ರೆಗಳನ್ನು ಹೇಗೆ ಉಜ್ಜುತ್ತೇನೋ ಹಾಗೆಯೇ ಮೂಗು ಮುಚ್ಚಿಕೊಂಡು ಉಜ್ಜಿದೆ. ಕಪ್ಪೆಲ್ಲ ಬಿಟ್ಟುಹೋಯಿತು. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಅರಿಶಿನ ಕುಂಕುಮ ಹಚ್ಚಿ ತಟ್ಟೆಯಲ್ಲಿಟ್ಟೆ. ಥಳಥಳ ಹೊಳೆಯುತ್ತಿತ್ತು.

ಡಾಕ್ಟರು ಕಿವಿಹಣ್ಣಿನ ಚೀಲದ ಜೊತೆ ದೀಪಗಳ ಚೀಲವನ್ನೂ ತಂದು ಮೇಜಿನ ಮೇಲಿಟ್ಟರು. ತಟ್ಟೆ ನೋಡಿದವರೇ ನಿಂತುಬಿಟ್ಟರು.

“ಇದನ್ನ ಯಾರು ತಿಕ್ಕಿದ್ದು?”

“ನಾನೇ ಅಣ್ಣ. ಹುಣಸೇಹಣ್ಣು ಹಾಕಿ.”

“ಅಯ್ಯೋ, ಆ ಹಳೇ ಬಣ್ಣಕ್ಕೇ ಕಣಮ್ಮ ಇದಕ್ಕೆ ಬೆಲೆ ಇದ್ದಿದ್ದು. ಇನ್ನು ಇದನ್ನ ಯಾರು ಮೂಸಿ ನೋಡ್ತಾರೆ?”

ಗೆಳೆಯನ ನೆನಪು ಎಂದಿದ್ದ ಬಾಯಿ ಅದೇ. ಗೋಡೆಯ ಮೇಲೆ ಗಂಡನ ಫೋಟೋ, ಅದರ ಕೆಳಗೆ ಇವರು ರಿವಾಲ್ವರನ್ನು ಎರಡು ಬೆರಳಿನಲ್ಲಿ ಎತ್ತಿ, ತಿರುಗಿಸಿ, ಸತ್ತ ಇಲಿಯನ್ನು ಬಿಡುವಂತೆ ತಟ್ಟೆಗೆ ಬಿಟ್ಟರು. ಬೆರಳಿಗಂಟಿದ ಕುಂಕುಮವನ್ನು ನನ್ನ ಮೇಜುಬಟ್ಟೆಗೆ ಒರೆಸಿದರು. ಆಮೇಲೆ ನನ್ನ ಮುಖ ನೋಡದೆ ದೀಪಗಳ ಚೀಲ ಎತ್ತಿಕೊಂಡರು.

“ಇದು ಸದ್ಯಕ್ಕೆ ನಮ್ಮನೇಲೇ ಇರ್ಲಿ ತಂಗಿ. ಹಬ್ಬಕ್ಕೆ ಬೇಕಾಗತ್ತೆ. ಇನ್ನೊಂದು ಸಲ ಮಾತಾಡೋಣ, ಬರ್ತೀನಿ.”

ಬಗ್ಗಿಸಿಟ್ಟಿದ್ದ ಕಾಫಿಗೆ ಕೈ ಹಚ್ಚಲಿಲ್ಲ. ಕಿವಿಹಣ್ಣು ಮಾತ್ರ ಉಳಿಯಿತು, ಈ ಊರ ತುಂಬ ಬೆಳೆಯುವ ಅದಕ್ಕೇನು ಬೆಲೆ. ನನಗೆ ಮೈಯೆಲ್ಲ ಉರಿಯಿತು. ತಿಂಗಳುಗಟ್ಟಲೆ ನಮ್ಮ ಸೋಫಾದಲ್ಲಿ ಕೂತು ನನ್ನ ಗಂಡನಿಗಾಗಿ ಕಣ್ಣೊರೆಸಿಕೊಂಡ ಮನುಷ್ಯ, ಆಗೆಲ್ಲ ಆ ಪೆಟ್ಟಿಗೆಯ ಮೇಲೇ ಕಣ್ಣಿಟ್ಟಿದ್ದನಲ್ಲ ಎನಿಸಿ, ಥೂ, ಆ ಕಿವಿಹಣ್ಣುಗಳನ್ನು ಚೀಲದ ಸಮೇತ ಕಸದ ಡಬ್ಬಕ್ಕೆ ಹಾಕಿದೆ.

ಮುಂದಿನ ಭಾನುವಾರ ಡಾಕ್ಟರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನನ್ನ ಫೋನಿಗೆ ಅವರ ಹೆಂಡತಿ ಉತ್ತರಿಸಿದರು: “ಅವ್ರು ತುಂಬಾ ಬ್ಯುಸಿ ಕಣ್ರೀ.”

ರಜೆ ಹಾಕಿ ಹ್ಯಾಮಿಲ್ಟನ್ನಿಗೆ ಕಾರು ಓಡಿಸಿದೆ. ಅಂಗಡಿಯವನು ರಿವಾಲ್ವರ್ ನೋಡಿ ನಿಟ್ಟುಸಿರು ಬಿಟ್ಟ, ಇದಕ್ಕೆ ಹೆಚ್ಚೇನೂ ಬರದು ಎಂದ. ಕೊಟ್ಟಷ್ಟು ಇಸಿದುಕೊಂಡೆ. ಹೊರಗೆ ಬಂದು ಶೌಚಾಲಯ ಹುಡುಕಿ ಸೋಪು ಹಾಕಿ ಕೈ ತೊಳೆದೆ. ಅಲ್ಲಿಗೆ ಎರಡೂ ಪೀಡೆ ಕಳೆದವು ಎಂದುಕೊಂಡೆ.

ಅದೇ ವಾರದ ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿದ್ದಾಗ ಮನೆ ಮುಂದಿನ ಡ್ರೈವ್‌ವೇಯಲ್ಲಿ ಕಾರು ತಿರುಗಿದ ಸದ್ದಾಯಿತು. ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತ, ತಲೆಗೂದಲು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಓಡಿದೆ. ಯಾರೋ ದಾರಿ ತಪ್ಪಿದವರು, ಕಾರು ತಿರುಗಿಸಿಕೊಂಡು ಹೋದರು. ಒಳಗೆ ಬಂದರೆ ಒಲೆಯ ಪಕ್ಕ ಎರಡು ಲೋಟಕ್ಕೆ ಡಿಕಾಕ್ಷನ್ ಹಾಕಿಟ್ಟಿದ್ದೆ. ಆ ಮನುಷ್ಯನನ್ನು ನೆನೆದರೆ ಅಸಹ್ಯವಾಗುತ್ತದೆ, ನಿಜ. ಆದರೆ ನನ್ನ ಆ ಓಟವನ್ನು ನೆನೆದರೆ ಆಗುವಷ್ಟು ಅಲ್ಲ.