ಮೂಗಿನಕ್ಕನ ಹೂಂ

ಮೂಗು ಎಲ್ಲರಿಗೂ ಇರುತ್ತದೆ. ಊರಿಗೆ ಊರೇ ನಂಬುವಂಥ ಮೂಗು ಇದ್ದದ್ದು ಅವಳೊಬ್ಬಳಿಗೆ. ಹೆತ್ತವರು ಇಟ್ಟ ಹೆಸರು ಯಾವುದೋ ಕಾಗದದಲ್ಲಿ ಉಳಿದುಕೊಂಡಿತ್ತು. ಲಾರಿಯವರಿಗೆ, ಬಸ್ಸಿನವರಿಗೆ, ಟ್ರ್ಯಾಕ್ಟರಿನವರಿಗೆ ಅವಳು ಮೂಗಿನಕ್ಕ.

ಬಸ್ಸುಗಳು ತಿರುಗುವ ಬೀದಿಯ ಮೂಲೆಯಲ್ಲಿ ಅವಳ ಗಂಡನ ವೆಲ್ಡಿಂಗ್ ಶೆಡ್ಡು. ಮುಂದೆ ಶೆಡ್ಡು, ಹಿಂದೆ ಮನೆ, ನಡುವೆ ಒಂದು ಬಾಗಿಲು, ಒಂದು ಕಿಟಕಿ. ಕಿಟಕಿಯ ಆಚೆ ಅತ್ತೆಯ ರಾಜ್ಯ. ಶೆಡ್ಡಿಗೆ ಬರುತ್ತಿದ್ದದ್ದು ಹೆಚ್ಚಾಗಿ ತುಕ್ಕು ಹಿಡಿದು ಸೋರುವ ಟ್ಯಾಂಕುಗಳು. ತೊಳೆಯುವುದು ಅವಳ ಕೆಲಸ, ಬೆಸೆಯುವುದು ಗಂಡನ ಕೆಲಸ. ಟ್ಯಾಂಕಿನ ಹೊಟ್ಟೆಗೆ ಸೈಕಲ್ ಚೈನಿನ ತುಂಡು, ನಟ್ಟು, ಬಿಸಿನೀರು, ಬಟ್ಟೆ ಸೋಡಾ ಹಾಕಿ, ಬಾಯಿಗೂ ತೂತುಗಳಿಗೂ ಬಿರಡೆ ಜಡಿದು, ಹಳೇ ಕಂಬಳಿಯಲ್ಲಿ ಸುತ್ತಿ ತೊಲೆಗೆ ನೇತುಹಾಕುವರು. ಆಮೇಲೆ ಗಂಡ ಹೆಂಡತಿ ಆ ಕಡೆಯೊಬ್ಬರು ಈ ಕಡೆಯೊಬ್ಬರು ನಿಂತು ತೂಗುವರು. ಒಳಗೆ ಚೈನು ಝಲ್ ಝಲ್ ಎಂದು ತುಕ್ಕು ಕೆರೆಯುತ್ತದೆ. "ಮೊಮ್ಮಕ್ಕಳನ್ನ ತೂಗಿದ್ದಕ್ಕಿಂತ ಟ್ಯಾಂಕ್ ತೂಗಿದ್ದೇ ಹೆಚ್ಚಾಯ್ತು ಈ ಮನೇಲಿ" ಎಂದು ಅತ್ತೆ ಕಿಟಕಿಯಿಂದಲೇ ಕುಟುಕುತ್ತಿದ್ದಳು.

ತೊಳೆದು, ಜಾಲಿಸಿ, ಬಿಸಿಲಿಗೆ ಒಣಗಿಸಿದ ಮೇಲೆ ಕೊನೆಯ ಪರೀಕ್ಷೆ. ಟ್ಯಾಂಕಿನ ಬಾಯಿಗೆ ಅವಳು ಮೂಗಿಡಬೇಕು. ಪೆಟ್ರೋಲಿನ ಆವಿ ಒಂದು ಗುಟುಕು ಉಳಿದಿದ್ದರೂ ಸಾಕು, ಬೆಂಕಿ ಸೋಕಿದರೆ ಟ್ಯಾಂಕು ಬಾಂಬಾಗುತ್ತದೆ. ಶೆಡ್ಡಿನ ಮೇಸ್ತ್ರಿಯಾದ ಗಂಡನ ಮೂಗು ಬೆಸುಗೆಯ ಹೊಗೆ ಕುಡಿದೂ ಕುಡಿದೂ ಎಂದೋ ಕೈಕೊಟ್ಟಿತ್ತು. ಅವಳು "ಹೂಂ" ಎಂದರೆ ಅವನು ಬೆಸುಗೆಯ ಟಾರ್ಚ್ ಹೊತ್ತಿಸುವನು. "ಇನ್ನೊಂದು ಸಲ" ಎಂದರೆ ಮರುಮಾತಿಲ್ಲದೆ ಇನ್ನೊಂದು ಸಲ ತೊಳೆಯುವರು.

ಈ ಪದ್ಧತಿ ಶುರುವಾದದ್ದು ಮದುವೆಯಾದ ವರ್ಷವೇ. ಚಹಾದ ಲೋಟ ಹಿಡಿದು ಬಂದ ಹೊಸ ಸೊಸೆ, "ಇದರೊಳಗೆ ಇನ್ನೂ ಇದೆ ಕಣ್ರೀ" ಎಂದಿದ್ದಳು. "ಮೂಗು ತೂರಿಸೋಕೆ ಬೇರೆ ಜಾಗ ಸಿಗಲಿಲ್ವಾ ನಿನಗೆ?" ಎಂದು ಅತ್ತೆ ಮೂಗು ಮುರಿದಳು. ಮೇಸ್ತ್ರಿ ನಕ್ಕ. ನಕ್ಕರೂ ಯಾಕೋ ಅನುಮಾನ ಬಂದು, ಗೋಡೆಯ ಮರೆಯಲ್ಲಿ ನಿಂತು ಉದ್ದದ ಸಲಾಕೆಗೆ ಉರಿಯುವ ಬಟ್ಟೆ ಸುತ್ತಿ ಟ್ಯಾಂಕಿನ ಬಾಯಿಗೆ ಚಾಚಿದ. ಟ್ಯಾಂಕು ನೆಲ ಬಿಟ್ಟು ಹಾರಿ ಸೂರಿಗೆ ಬಡಿಯಿತು. ಸೂರಿನ ತಗಡಿನಲ್ಲಿ ಆ ತಗ್ಗು ಇಂದಿಗೂ ಇದೆ. ಮೇಸ್ತ್ರಿ ಅದನ್ನು ಬಂದವರಿಗೆಲ್ಲ ತೋರಿಸುವನು. ಅವನ ಅಪ್ಪನ ಕಾಲದಲ್ಲಿ ಟ್ಯಾಂಕಿಗೆ ಕಂಠಮಟ್ಟ ನೀರು ತುಂಬಿಯೇ ಬೆಂಕಿ ತೋರಿಸುತ್ತಿದ್ದರು. ಆವಿಗೆ ಒಳಗೆ ಜಾಗವೇ ಇರಬಾರದೆಂದು. ಹೆಂಡತಿಯ ಮೂಗು ಬಂದ ಮೇಲೆ ಅದು ನಿಂತಿತು. "ನೀರು ತುಂಬೋದು ಮೂಗಿಲ್ಲದವರ ಕೆಲಸ" ಎಂದು ಮೇಸ್ತ್ರಿ ಎದೆಯುಬ್ಬಿಸಿ ಹೇಳುವನು. ಇಪ್ಪತ್ತೆರಡು ವರ್ಷ ಆ ಶೆಡ್ಡು ನಡೆದದ್ದು ಒಂದೇ ಒಂದು ಹೂಂ ಮೇಲೆ.

ಆ ಮೂಗು ಒಂಬತ್ತು ದಿನದ ಹಿಂದೆ ಸತ್ತಿತ್ತು.

ಮೂರು ದಿನದ ಜ್ವರ, ನೆಗಡಿ. ಜ್ವರ ಬಿಟ್ಟಿತು, ನೆಗಡಿ ಬಿಟ್ಟಿತು, ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋದವು. ಅವಳಿಗೆ ಗೊತ್ತಾದದ್ದು ಹಾಲಿನಿಂದ. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತ ಕೂತಿದ್ದಳು. ಒಲೆಯ ಮೇಲಿನ ಹಾಲು ಉಕ್ಕಿ, ಇಂಗಿ, ಪಾತ್ರೆ ಕರಿ ಹಿಡಿದು ಮನೆಯೆಲ್ಲ ಹೊಗೆಯಾದರೂ ಅವಳಿಗೆ ತಿಳಿಯಲಿಲ್ಲ. "ಊರಿನ ಟ್ಯಾಂಕೆಲ್ಲ ಮೂಸ್ತೀಯ, ಮನೇ ಹಾಲು ಸೀದದ್ದು ಗೊತ್ತಾಗಲಿಲ್ವೇನೇ?" ಎಂದು ಅತ್ತೆ ಕೂಗಾಡಿದಳು. ಅವಳು ಪಾತ್ರೆ ಉಜ್ಜಿದಳು. ಆಮೇಲೆ ಬಾಗಿಲು ಹಾಕಿಕೊಂಡು ಈರುಳ್ಳಿ ಮೂಸಿದಳು, ಸೋಪು ಮೂಸಿದಳು, ಸೀಮೆಎಣ್ಣೆಯ ಡಬ್ಬಿಗೇ ಮೂಗಿಟ್ಟಳು. ಗೋಡೆ ಮೂಸಿದ ಹಾಗಿತ್ತು.

ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ದಿನ ನೂಕಿದಳು. ಹೇಳಲು ಬಾಯಿ ಬರಲಿಲ್ಲ. ಮೂಗು ಹೋದ ಮೂಗಿನಕ್ಕ ಯಾರು? ಕಿಟಕಿಯ ಆಚೆ ಅತ್ತೆಯ ಜೊತೆ ಕೂತು ಕಾಳು ಆರಿಸುವವಳು. ಈ ಒಂಬತ್ತು ದಿನದಲ್ಲಿ ಒಂದು ಡೀಸೆಲ್ ಟ್ಯಾಂಕ್ ಬಂದಿತ್ತು. ಅದನ್ನು ನಾಲ್ಕು ಸಲ ತೊಳೆದು, ಕಣ್ಣುಮುಚ್ಚಿ "ಹೂಂ" ಅಂದಿದ್ದಳು. ಏನೂ ಆಗಲಿಲ್ಲ. ಆದರೆ ಆ ರಾತ್ರಿ ಎದ್ದು ಮತ್ತೆ ಸೀಮೆಎಣ್ಣೆಯ ಡಬ್ಬಿ ಮೂಸಿದಳು.

ಹಾಗಿರುವಾಗ ಬಂದದ್ದು ಹಾರ್ನಣ್ಣನ ಲಾರಿ.

ಹಾರ್ನಣ್ಣ ಎಂದರೆ ಮಾತಾಡಿದರೆ ಮೂರು ಬೀದಿಗೆ ಕೇಳಿಸುವ ಮನುಷ್ಯ. ಅವನಪ್ಪ ಓಡಿಸಿದ ಲಾರಿ ಅದು. ಮೂತಿ ಉದ್ದ, ಕಣ್ಣು ದುಂಡಗೆ, ಕುಡಿಯುವುದು ಪೆಟ್ರೋಲು. ಹದಿನಾಲ್ಕು ವರ್ಷ ಹುಲ್ಲಿನ ನಡುವೆ ನಿಂತಿದ್ದನ್ನು ಎಬ್ಬಿಸಿ, ಎಂಜಿನ್ನಿಗೆ ಜೀವ ಬರಿಸಿದ್ದ. ಮರುದಿನ ಬೆಳಿಗ್ಗೆ ಹಳೇ ಗಾಡಿಗಳ ಮೆರವಣಿಗೆ. ಟ್ಯಾಂಕು ಮಾತ್ರ ಜರಡಿ.

"ಹೊಸಾ ಟ್ಯಾಂಕ್ ಹಾಕಿಬಿಡು ಮಾರಾಯ" ಎಂದ ಮೇಸ್ತ್ರಿ.

"ಎಲ್ಲಿಂದ ತರಲಿ? ನಮ್ಮಪ್ಪನ ಜೊತೆಗೇ ಹೋಯ್ತು ಆ ಕಂಪನಿ! ಬೇರೆ ಗಾಡೀದು ಹಾಕಿದ್ರೆ ಅಸಲಿ ಅಲ್ಲ ಅಂತ ಗೇಟಲ್ಲೇ ನಿಲ್ಲಿಸ್ತಾರೆ. ಸಂಜೆಯೊಳಗೆ ಆಗಬೇಕು ನೋಡು."

ಬೆಳಿಗ್ಗೆಯಿಂದ ತೂಗಿದರು. ಬಿರಡೆ ತೆಗೆದು ಬಗ್ಗಿಸಿದರೆ ಮಣ್ಣಿನ ಬಣ್ಣದ ನೀರು, ಬಿಲ್ಲೆ ಬಿಲ್ಲೆ ತುಕ್ಕು. ಅವಳು ಮೂರು ಸಲ ಸಾಕಾಗುವ ಕಡೆ ಆರು ಸಲ ತೊಳೆದಳು. "ಇವತ್ತೇನೇ ನಿನಗೆ, ತಗಡೇ ಕರಗಿಸ್ತೀಯ?" ಎಂದ ಮೇಸ್ತ್ರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಅವಳ ಕೈ ತಾನಾಗಿ ಮೂಗಿಗೆ ಹೋಯಿತು. ಮಧ್ಯಾಹ್ನದ ಸುಡುಬಿಸಿಲಿಗೆ ಟ್ಯಾಂಕು ಎರಡು ಗಂಟೆ ಕಾದಿತು. ತಳದಲ್ಲಿ ಯಾವ ಕಾಲದವರೋ ಹಾಕಿದ ಅಂಗೈಯಗಲದ ತೇಪೆ. ಅದರ ಅಂಚಿನಲ್ಲೇ ಹೊಸ ತೂತುಗಳು. ಆ ತೇಪೆಯ ಮೇಲೇ ಇನ್ನೊಂದು ತಗಡು ಕೂರಿಸಿದರಾಯಿತು ಎಂದು ಮೇಸ್ತ್ರಿ ಲೆಕ್ಕ ಹಾಕಿದ.

ಮೂರು ಗಂಟೆಗೆ ಟ್ಯಾಂಕು ಶೆಡ್ಡಿನ ನೆಲಕ್ಕೆ ಬಂತು. ಕಿಟಕಿಯಾಚೆ ಅತ್ತೆ ಬಟಾಣಿ ಸುಲಿಯುತ್ತಿದ್ದಳು. ಹಾರ್ನಣ್ಣ ಬಾಗಿಲಲ್ಲಿ ನಶ್ಯ ಏರಿಸುತ್ತ ಗಡಿಯಾರ ನೋಡುತ್ತಿದ್ದ.

ಅವಳು ಮಂಡಿಯೂರಿ, ಟ್ಯಾಂಕಿನ ಬಾಯಿಗೆ ಮೂಗಿಟ್ಟಳು. ಎಳೆದಳು. ಏನೂ ಇಲ್ಲ. ಇನ್ನೊಮ್ಮೆ ಎದೆ ತುಂಬ ಎಳೆದಳು. ಬಿಸಿ ಗಾಳಿ ಒಳಗೆ ಹೋಯಿತು, ಅಷ್ಟೇ. ಇಲ್ಲದ್ದಕ್ಕೆ ವಾಸನೆ ಇಲ್ಲವೋ, ಇದ್ದೂ ತನಗೆ ತಿಳಿಯುತ್ತಿಲ್ಲವೋ? ಆರು ಸಲ ತೊಳೆದಿದ್ದೀನಲ್ಲ, ಎಂದುಕೊಂಡಳು.

"ಹೂಂ" ಎಂದಳು.

ಮೇಸ್ತ್ರಿ ತಲೆಯೆತ್ತಲಿಲ್ಲ. ಟ್ಯಾಂಕನ್ನು ಬೋರಲು ಹಾಕಿ ಇಟ್ಟಿಗೆಗಳ ಮೇಲೆ ಕೂರಿಸಿದ. ಎಂದಿನಂತೆ ಕೈಗಡಿಯಾರ ಬಿಚ್ಚಿ, "ಹಿಡ್ಕೋ" ಎಂದು ಅವಳ ಅಂಗೈಗೆ ಹಾಕಿದ. ಬೆಂಕಿಯ ಕೆಲಸಕ್ಕೆ ಕೂರುವಾಗ ಅದು ಅವನ ರೂಢಿ, ಪಟ್ಟಿ ಸುಟ್ಟುಹೋಗದಿರಲೆಂದು. ಗಡಿಯಾರ ಅವನ ಮೈಯ ಬಿಸಿಯಿಂದ ಬೆಚ್ಚಗಿತ್ತು. ಬೆರಳಿಗೆ ಅದರ ಟಿಕ್ ಟಿಕ್ ತಾಕುತ್ತಿತ್ತು. ಅವನು ಕಪ್ಪು ಕನ್ನಡಕ ಇಳಿಸಿದ. ಸಿಲಿಂಡರಿನ ತಿರುಪು ತಿರುಗಿಸಿದ. ಸುಸ್ ಎಂದು ಗ್ಯಾಸು ಬಂತು. ಎಡಗೈ ಲೈಟರಿಗೆ ಹೋಯಿತು.

ಈ ಗಡಿಯಾರ ಕೈಯಲ್ಲೇ ಉಳಿದುಬಿಟ್ಟರೆ?

"ತಡೀರಿ!"

ಕಿರುಚಿದ್ದು ತಾನೇ ಎಂದು ಅವಳಿಗೆ ಆಮೇಲೆ ತಿಳಿಯಿತು. ಮೇಸ್ತ್ರಿಯ ಬೆರಳು ಲೈಟರಿನ ಮೇಲೇ ನಿಂತಿತು.

"ಹೂಂ ಅಂದೆಯಲ್ಲ?"

"ಸುಳ್ಳು ಹೂಂ ಅದು. ಗ್ಯಾಸ್ ನಿಲ್ಲಿಸ್ರಿ ಮೊದಲು."

ಅವನು ತಿರುಪು ಮುಚ್ಚಿ ಕನ್ನಡಕ ಹಣೆಗೇರಿಸಿದ. ಅವಳು ನೆಲ ನೋಡುತ್ತ ಹೇಳಿದಳು: "ಜ್ವರ ಬಂದಾಗಿನಿಂದ ನನಗೆ ವಾಸನೆ ಬರ್ತಿಲ್ಲ. ಒಂದೂ ಬರ್ತಿಲ್ಲ."

ಹಾರ್ನಣ್ಣನೇ ಮೊದಲು ಬಾಯಿ ಬಿಟ್ಟ. "ಅಯ್ಯೋ ಅಕ್ಕಾ, ಒಳ್ಳೇ ಗಳಿಗೇಲಿ ಹೇಳಿದ್ರಿ! ಇದಕ್ಕೆ ಯಾವ ಮಹಾ ಮೂಗು ಬೇಕು? ಸರೀರಿ ಅತ್ಲಾಗೆ." ಬಗ್ಗಿ, ಈಗ ಮೇಲಾಗಿದ್ದ ಟ್ಯಾಂಕಿನ ತಳದಲ್ಲಿ, ಎಂಜಿನ್ನಿಗೆ ಪೆಟ್ರೋಲು ಹೋಗುವ ಪೈಪಿನ ತೂತಿಗೆ ಮೂಗಿಟ್ಟು ಸೊರ್ ಎಂದು ಎಳೆದ. "ಏನಿಲ್ಲ! ಕನ್ನಡಿ ಇದ್ದ ಹಾಗಿದೆ. ಹಚ್ಚು ಮೇಸ್ತ್ರಿ."

"ನಶ್ಯದ ಡಬ್ಬಿಗೆ ಏನು ಗೊತ್ತಾಗುತ್ತೆ?" ಎಂದ ಮೇಸ್ತ್ರಿ. ಅವನ ಕಣ್ಣು ಹೆಂಡತಿಯ ಮೇಲೇ ಇತ್ತು. "ಮೊನ್ನೆ ಡೀಸೆಲ್ ಟ್ಯಾಂಕು?"

"ಅದೂ."

ಅವನು ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಸೂರಿನ ತಗ್ಗನ್ನೇ ನೋಡುತ್ತ ಕೂತ. ಆಮೇಲೆ ಎದ್ದು, ಮೂಲೆಯಲ್ಲಿದ್ದ ನೀರಿನ ಪೈಪು ಎಳೆದುತಂದ.

"ಏನು ಮಾಡ್ತೀಯ ಈಗ?" ಎಂದ ಹಾರ್ನಣ್ಣ.

"ನಮ್ಮಪ್ಪ ಮಾಡ್ತಿದ್ದದ್ದು."

"ನೀರಾ? ಒಣಗಿಸಿದ್ದಕ್ಕೇ ಅರ್ಧ ದಿನ ಹೋಯ್ತು! ಇನ್ನು ನೀರು ತುಂಬಿ, ಬೆಸೆದು, ಮತ್ತೆ ಒಣಗಿಸಿ, ಸಂಜೆ ಯಾವಾಗ ಬರೋದು? ಆರು ಸಲ ತೊಳೆದ ಟ್ಯಾಂಕಪ್ಪಾ ಇದು! ಹೆಂಗಸರ ಹೆದರಿಕೆಗೆ ನನ್ನ ಮೆರವಣಿಗೆ ಹಾಳು ಮಾಡಬೇಡ."

"ಸರಿ" ಎಂದು ಮೇಸ್ತ್ರಿ ಟಾರ್ಚನ್ನು ಅವನತ್ತ ಚಾಚಿದ. "ನೀನೇ ಹಚ್ಚು. ನಾನು ರಸ್ತೇಲಿ ನಿಂತಿರ್ತೀನಿ."

ಹಾರ್ನಣ್ಣನ ಹಾರ್ನು ನಿಂತಿತು.

ಬೋರಲಾಗಿದ್ದ ಬಾಯಿಗೆ ಬಿರಡೆ ಜಡಿದು, ತಳದ ಅದೇ ತೂತಿಗೆ ನೀರಿನ ಪೈಪು ಇಟ್ಟರು. ಒಳಗೆ ನೀರು ಗುಳುಗುಳು ಏರತೊಡಗಿತು. ಅವಳು ತಗಡಿಗೆ ಕೈಯೊತ್ತಿ ಕೂತಳು. ನೀರು ಬಂದಷ್ಟು ಎತ್ತರ ತಗಡು ತಣ್ಣಗಾಗುತ್ತಿತ್ತು. ಒಂದು ಗೇಣು. ಒಂದೂವರೆ ಗೇಣು. ಒಳಗಿದ್ದ ಗಾಳಿ ತೂತುಗಳಿಂದ ಉಸಿರುಬಿಡುತ್ತ ಹೊರಬರುತ್ತಿತ್ತು. ಆ ಉಸಿರು ಅವಳ ಕೆನ್ನೆಗೆ ತಾಕಿತು. ಮೂವರಲ್ಲಿ ಒಬ್ಬರಿಗೂ ಅದು ಏನನ್ನೂ ಹೇಳಲಿಲ್ಲ. ಹಾರ್ನಣ್ಣ ಆಗಲೇ, "ನೋಡಿದ್ರಾ, ನಾನು ಹೇಳಲಿಲ್ವಾ..." ಎಂದು ಶುರುಮಾಡಿದ್ದ.

"ಯಾರೋ ಅದು ಪೆಟ್ರೋಲ್ ಚೆಲ್ಲಿದ್ದು?"

ಕಿಟಕಿಯಿಂದ ಅತ್ತೆಯ ದನಿ. ಬಟಾಣಿಯ ಮೊರ ಬದಿಗಿಟ್ಟು, ಸೆರಗು ಮೂಗಿಗೆ ಒತ್ತಿ ನಿಂತಿದ್ದಳು. "ತಲೆ ಸುತ್ತುತ್ತೆ ಕಣ್ರೋ! ಮನೆಯೆಲ್ಲ ತುಂಬ್ತು. ನಿಮಗೇನು ಮೂಗು ಸತ್ತಿದೆಯಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅತ್ತೆ, ಒಲೆ ಆರಿಸಿ! ಮೊದಲು ಒಲೆ ಆರಿಸಿ!" ಎನ್ನುತ್ತ ಅವಳು ಒಳಗೆ ಓಡಿದಳು. ಮೇಸ್ತ್ರಿ ಸಿಲಿಂಡರಿನ ತಿರುಪನ್ನು ಮತ್ತೊಮ್ಮೆ ಬಿಗಿದ, ಹಿಂದುಮುಂದಿನ ಬಾಗಿಲೆಲ್ಲ ತೆರೆದ. ಹಾರ್ನಣ್ಣ ಯಾರೂ ಹೇಳದೆ ತಾನೇ ಹೋಗಿ ರಸ್ತೆಯಲ್ಲಿ ನಿಂತ.

ಅರ್ಧ ಗಂಟೆ ಗಾಳಿಯಾಡಿದ ಮೇಲೆ, ಅತ್ತೆ "ಈಗ ಪರವಾಗಿಲ್ಲ" ಎಂದ ಮೇಲೆ, ಮೇಸ್ತ್ರಿ ಕಿಡಿ ಹಾರದಂತೆ ನೀರು ಬಿಡುತ್ತಲೇ ಆ ಹಳೇ ತೇಪೆಯನ್ನು ಗರಗಸದ ಅಲಗಿನಿಂದ ಕೊರೆದು ಎಬ್ಬಿಸಿದ. ಕೆಳಗೆ ಇನ್ನೊಂದು ತೇಪೆ. ಎರಡರ ನಡುವೆ ಬೆಲ್ಲದ ಪಾಕದಂಥ ಕರೀ ರಾಡಿ. ಹಿಂಡಿದರೆ ಪೆಟ್ರೋಲು ಜಿನುಗಿತು. ಆರಲ್ಲ, ಅರವತ್ತು ಸಲ ತೊಳೆದರೂ ನೀರು ಹೋಗದ ಸಂದು ಅದು. ಬಿಸಿಲಿಗೆ ಕಾದು ಅದೆಲ್ಲ ಟ್ಯಾಂಕಿನೊಳಕ್ಕೆ ಬೆವರಿತ್ತು. ಅವನು ಟಾರ್ಚ್ ಇಡಬೇಕೆಂದಿದ್ದದ್ದು ಸರಿಯಾಗಿ ಅದರ ಮೇಲೆಯೇ.

ಹಾರ್ನಣ್ಣ ಇಣುಕಿ ನೋಡಿದ. ಅವನ ದನಿ ಮೊದಲ ಸಲ ಪಕ್ಕದವರಿಗೆ ಮಾತ್ರ ಕೇಳುವಷ್ಟಿತ್ತು: "ಮೆರವಣಿಗೆ ಮುಂದಿನ ವರ್ಷಾನೂ ಇರುತ್ತೆ. ನಿಧಾನಕ್ಕೆ ಮಾಡು."

ಅವಳು ಬಾಗಿಲ ಪಕ್ಕ ನಿಂತಿದ್ದಳು, ಗಡಿಯಾರ ಇನ್ನೂ ಮುಷ್ಟಿಯಲ್ಲೇ. ಒಳಗೆ ಹೋಗಲೋ ಇಲ್ಲೇ ಇರಲೋ ತಿಳಿಯದೆ ಒಂದು ಕಾಲು ಹೊಸ್ತಿಲ ಆಚೆ, ಒಂದು ಈಚೆ. ಕಿಟಕಿಯಲ್ಲಿ ಅತ್ತೆ ಕೇಳಿಯೂ ಕೇಳದಂತೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಹಾಲು ಸೀದ ದಿನವೇ ಬಾಯಿ ಬಿಡೋಕೆ ಏನಾಗಿತ್ತೇ ನಿನಗೆ?" ಎಂದಳು. ಬಟಾಣಿಯ ಮೊರ ಎತ್ತಿಕೊಂಡು, "ನಾಳೆಯಿಂದ ನನ್ನ ಸ್ಟೂಲು ಶೆಡ್ಡಿನ ಕಡೆ ಹಾಕು. ಬಟಾಣಿ ಅಲ್ಲೇ ಸುಲಿದರಾಯ್ತು."

ಮೇಸ್ತ್ರಿ ಸಂದನ್ನೆಲ್ಲ ಕೆರೆದು ತೊಳೆದು, ಮತ್ತೆ ನೀರು ತುಂಬಿದ; ತೂತಿನಿಂದ ಒಂದು ಬೆರಳಗಲ ಕೆಳಗಿನವರೆಗೆ. ಹೊಸ ತಗಡು ಕೂರಿಸಿದ. ಕನ್ನಡಕ ಇಳಿಸಿ, ಲೈಟರ್ ಹಿಡಿದು ಕೂತ. ಕೂತೇ ಇದ್ದ.

"ಏನು ಕಾಯ್ತಾ ಇದೀಯ?" ಎಂದ ಹಾರ್ನಣ್ಣ.

ಮೇಸ್ತ್ರಿ ತಲೆಯೆತ್ತದೆ ಹೇಳಿದ: "ಇಷ್ಟು ವರ್ಷ ಅವಳು ಹೇಳದೆ ಹಚ್ಚಿಲ್ಲ."

ಅವಳು ಬಂದು ಮಂಡಿಯೂರಿದಳು. ಕಿಟಕಿಯ ಕಡೆ ನೋಡಿದಳು. ಅತ್ತೆ ಗಾಳಿ ಎಳೆದು ಸರಿ ಎಂದು ತಲೆಯಾಡಿಸಿದಳು. ಆಮೇಲೆ ಮೂಗಿನಕ್ಕ ಪೈಪಿನ ತೂತಿನೊಳಕ್ಕೆ ಕಿರುಬೆರಳು ಇಳಿಸಿದಳು. ಮೊದಲ ಗೆಣ್ಣು ಮುಗಿಯುವಷ್ಟರಲ್ಲಿ ಬೆರಳ ತುದಿಗೆ ತಣ್ಣನೆ ನೀರು ತಾಕಿತು. ಸುತ್ತ ಆಡಿಸಿ ನೋಡಿದಳು. ಎಲ್ಲ ಕಡೆಯೂ ನೀರೇ.

ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಗಡಿಯಾರವನ್ನು ತನ್ನ ಮಣಿಕಟ್ಟಿಗೇ ಕಟ್ಟಿಕೊಂಡಳು.

"ಹೂಂ" ಎಂದಳು.

ಲೈಟರ್ ಚಟ್ ಎಂದಿತು.