ಕಣಕಾಲು ಉಳುಕಿದ ಹನ್ನೆರಡು ದಿನ

ನಮ್ಮ ಹಲಸೂರಿನ ವಠಾರದಲ್ಲಿ ಆಗೆಲ್ಲ ಯಾರಿಗಾದರೂ ಕಾಲು ನೋವು ಬಂದರೆ, ನೋವು ಬಂದವರೊಬ್ಬರನ್ನು ಬಿಟ್ಟು ಉಳಿದವರೆಲ್ಲರಿಗೂ ಅದರ ಕಾರಣ ಗೊತ್ತಿರುತ್ತಿತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಖೊಖೊ ಆಡುತ್ತಾ, ಕಂಬ ಸುತ್ತಿ ತಿರುಗುವ ಭರದಲ್ಲಿ ಎಡಗಾಲು ಉಳುಕಿಸಿಕೊಂಡು ಕುಂಟುತ್ತಾ ಮನೆಗೆ ಬಂದ ಸಂಜೆ, ಮೆಟ್ಟಿಲು ಹತ್ತುವಷ್ಟರಲ್ಲೇ ಮೂರು ಕಾರಣ ಸಿಕ್ಕವು.

"ಯೂರಿಕ್ ಆ್ಯಸಿಡ್ ಇರ್ಬೇಕು," ಅಂದರು ಓನರ್ ತಾತ. ಅದು ಅವರಿಗಿತ್ತು. "ಈಗಿನ ಮಕ್ಳಲ್ಲಿ ಕ್ಯಾಲ್ಸಿಯಂ ಎಲ್ಲಿದೆ ರೀ?" ಅಂದರು ಮೇಲಿನ ಮನೆಯ ಸರೋಜಾ ಆಂಟಿ. ಅಮ್ಮ ಆಗಲೇ ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿಂತಿದ್ದಳು.

"ಮೊನ್ನೆ ಡಿಬೇಟಲ್ಲಿ ಕಪ್ ತಂದ್ಯಲ್ಲ, ಎಲ್ರ ಕಣ್ಣೂ ಬಿದ್ದಿದೆ."

"ಕಪ್ ತಂದಿದ್ದು ಬಾಯಿ. ದೃಷ್ಟಿ ಕಾಲಿಗೆ ಯಾಕಮ್ಮ ಬೀಳುತ್ತೆ?"

"ಬಾಯಿಗೆ ಬಿದ್ದಿದ್ರೆ ನಮ್ಗಾದ್ರೂ ನೆಮ್ಮದಿ ಇರ್ತಿತ್ತು," ಅಂದಳು ಅಮ್ಮ. ಮೆಣಸಿನಕಾಯಿಯ ಘಾಟಿಗೆ ಇಡೀ ವಠಾರ ಕೆಮ್ಮಿತು. ಕಾಲು ಮಾತ್ರ ರಾತ್ರಿಯ ಊಟದ ಹೊತ್ತಿಗೆ ಮುದ್ದೆಯ ಹಾಗೆ ಊದಿತ್ತು.

ನನಗೆ ಅಳು ಬಂದದ್ದು ನೋವಿಗಲ್ಲ. ಇನ್ನು ಹನ್ನೆರಡು ದಿನಕ್ಕೆ ವಲಯ ಮಟ್ಟದ ಪಂದ್ಯವಿತ್ತು. ಹಿಂದಿನ ವರ್ಷ ಫೈನಲ್‌ನಲ್ಲಿ ಸೋತಿದ್ದೆವು. ಮುಂದಿನ ವರ್ಷ ಹೈಸ್ಕೂಲಿಗೆಂದು ಎಲ್ಲರೂ ಬೇರೆ ಬೇರೆ ಶಾಲೆಗೆ ಚದುರಿಹೋಗುವವರು. ಆ ಒಂಬತ್ತು ಜನ ಒಟ್ಟಿಗೆ ಆಡುವುದಕ್ಕೆ ಉಳಿದಿದ್ದು ಅದೊಂದೇ ಪಂದ್ಯ, ಮತ್ತು ಕಂಬದ ಹತ್ತಿರ ಹಾರಿ ಹಿಡಿಯುವವಳು ನಾನೊಬ್ಬಳೇ.

ಮರುದಿನ ತಂಡದ ಗೆಳತಿ ನಾಜ್ನೀನ್ ಮನೆಗೆ ಬಂದಳು. ಅವಳ ಮನೆ ಶಿವಾಜಿನಗರದಲ್ಲಿ. "ನಮ್ ದಾದಾ ಹತ್ರ ಬಾ," ಅಂದಳು. ಅವಳ ದಾದಾ, ಎಂದರೆ ಅಪ್ಪನ ಅಪ್ಪ, ಒಂದು ಕಾಲದಲ್ಲಿ ಕುಸ್ತಿ ಆಡಿದವರು. ವಯಸ್ಸಾದ ಮೇಲೆ ಉಳುಕಿಗೆ, ಕೀಲುನೋವಿಗೆ ಪಟ್ಟಿ ಕಟ್ಟುತ್ತಿದ್ದರು. ಊರೆಲ್ಲ ಪೈಲ್ವಾನ್ ಎಂದೇ ಕರೆಯುತ್ತಿತ್ತು.

"ಅವ್ರು ಡಾಕ್ಟರ್ ಓದಿದಾರಾ?"

"ಇಲ್ಲ."

"ಮತ್ತೆ ಹೇಗೆ ನಂಬ್ಲಿ?"

"ಲೇ, ನಂಬ್ಬೇಡ. ಕಾಲು ತಗೊಂಡ್ ಬಾ, ಸಾಕು."

ಅಮ್ಮನ ಜೊತೆ ಆಟೋದಲ್ಲಿ ಹೋದೆ. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆ. ಒಳಗೆ ಸಾಸಿವೆಯೆಣ್ಣೆ ಮತ್ತು ಕರ್ಪೂರದ ವಾಸನೆ. ಪಕ್ಕದ ಬೇಕರಿಯಿಂದ ಬಿಸಿ ದಿಲ್‌ಪಸಂದಿನ ವಾಸನೆ ಆಗಾಗ ನುಗ್ಗಿ ಬಂದು ಎಣ್ಣೆಯದನ್ನು ಸೋಲಿಸುತ್ತಿತ್ತು. ಮೋಸವನ್ನು ಸಾಕ್ಷಿ ಸಮೇತ ಹಿಡಿಯಬೇಕೆಂದೇ ನಾನು ಕಣ್ಣು ಚೂಪು ಮಾಡಿಕೊಂಡು ಕೂತೆ.

ನಮಗಿಂತ ಮೊದಲು ಟಿನ್ ಫ್ಯಾಕ್ಟರಿ ಹತ್ತಿರ ಸ್ಕೂಟರಿನಿಂದ ಬಿದ್ದವನೊಬ್ಬ ಅಣ್ಣನ ಭುಜಕ್ಕೆ ಜೋತುಬಿದ್ದು ಬಂದಿದ್ದ. ಪೈಲ್ವಾನ್ ಅವನ ಕಣಕಾಲಿನ ಗಿಣ್ಣಿನ ಹಿಂಬದಿಯ ಮೂಳೆಯನ್ನು ಒಂದೇ ಬೆರಳಲ್ಲಿ ಒತ್ತಿದರು. ಅವನು ಚೀರಿದ. "ನಾಲ್ಕು ಹೆಜ್ಜೆ ಇಡು" ಅಂದರು. ಒಂದೂ ಇಡಲಾಗಲಿಲ್ಲ.

"ಆಸ್ಪತ್ರೆಗೆ ಕರ್ಕೊಂಡ್ ಹೋಗು. ಫೋಟೋ ತೆಗೆಸ್ಬೇಕು, ಮೂಳೆ ಹೋಗಿರ್ಬಹುದು."

"ಒಂದ್ಸಲ ಎಳೆದು ಕೂರಿಸ್ಬಿಡಿ ಪೈಲ್ವಾನ್," ಅಣ್ಣ ಗೋಗರೆದ. "ಎಲ್ರೂ ನಿಮ್ ಹೆಸ್ರೇ ಹೇಳಿದ್ರು."

"ನಕ್ಕೋ, ಬೇಡ! ಮುರಿದಿದ್ದನ್ನ ಎಳೆದ್ರೆ ಹೆಸ್ರು ನಂದು ಹೋಗುತ್ತೆ, ಕಾಲು ಇವನ್ದು ಹೋಗುತ್ತೆ." ಎರಡು ಹಲಗೆ ತುಂಡು ಇಟ್ಟು ಕಾಲು ಅಲುಗದಂತೆ ಬಟ್ಟೆ ಸುತ್ತಿ, ತಾವೇ ಬಾಗಿಲಿಗೆ ಬಂದು ಆಟೋ ನಿಲ್ಲಿಸಿದರು.

ನನ್ನ ವಾದದ ಮೊದಲ ಪಾಯಿಂಟು ಅಲ್ಲೇ ಬಿದ್ದುಹೋಯಿತು. ಗಿರಾಕಿಯನ್ನು ವಾಪಸು ಕಳಿಸುವ ಮೋಸಗಾರನನ್ನು ನಾನು ಕಂಡಿರಲಿಲ್ಲ.

ನನ್ನ ಸರದಿ ಬಂತು. ಅದೇ ಬೆರಳು, ಅದೇ ಮೂಳೆ. ಅಲ್ಲಿ ನೋವಿರಲಿಲ್ಲ, ಅದರ ಮುಂದಿನ ಮೆತ್ತನೆಯ ಜಾಗದಲ್ಲಿ ಜೀವ ಹೋಗುವ ಹಾಗಿತ್ತು. ಹಲ್ಲು ಕಚ್ಚಿ ನಾಲ್ಕು ಹೆಜ್ಜೆ ಇಟ್ಟೆ. "ಮೂಳೆ ಸರಿ ಇದೆ. ಮೂಳೆ ಮೂಳೆ ಹಿಡ್ಕೊಂಡಿರೋ ನಾರು ಎಳೆದಿದೆ," ಅಂದರು. ಮೂಲೆಯ ಬಟ್ಟಲಿನಲ್ಲಿ ಮೊಟ್ಟೆಯ ಬಿಳಿಯಲ್ಲಿ ಕಲಸಿದ ಉದ್ದಿನ ಹಿಟ್ಟಿತ್ತು. ನಾನು ಬಿಡುತ್ತೇನೆಯೇ?

"ಮೊಟ್ಟೆ ಹಚ್ಚಿದ್ರೆ ನೋವು ಹೇಗೆ ಹೋಗುತ್ತೆ?"

"ಹೋಗಲ್ಲ."

"ಮತ್ತೆ?"

"ಒಣಗಿದ್ರೆ ಕಲ್ಲಾಗುತ್ತೆ ಬೇಟಿ. ಕಾಲು ಅಲ್ಲಾಡಲ್ಲ. ನಿನ್ನಂಥವರು ಓಡಲ್ಲ. ಅಷ್ಟೇ ಅದರ ಕೆಲಸ. ನಿಂಗೆ ಅದೂ ಬೇಡ."

ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನಗೆ ಬಟ್ಟೆಯ ಪಟ್ಟಿ ಮಾತ್ರ ಸಿಕ್ಕಿತು. ಐಸನ್ನು ಬಟ್ಟೆಯಲ್ಲಿ ಸುತ್ತಿ ದಿನಕ್ಕೆ ಮೂರು ನಾಲ್ಕು ಸಲ ಕಾಲು ಗಂಟೆ ಇಡಬೇಕು. ಮಲಗಿದಾಗ ದಿಂಬಿನ ಮೇಲೆ ಕಾಲು. ಊತ ಇರುವ ತನಕ ಬಿಸಿನೀರೂ ಬೇಡ, ಎಣ್ಣೆ ಹಾಕಿ ತಿಕ್ಕುವುದೂ ಬೇಡ. ನೋವು ತಗ್ಗಿದ ಮೇಲೆ ಹಲ್ಲುಜ್ಜುವಾಗ ಒಂಟಿಗಾಲಲ್ಲಿ ನಿಲ್ಲಬೇಕು. ಎಣ್ಣೆಯ ಶೀಶೆಗಳ ನಡುವೆ ಕೂತೇ ಎಣ್ಣೆ ಬೇಡ ಎಂದವರು ಅವರು.

ಒಂಬತ್ತನೆಯ ದಿನ ನಾಜ್ನೀನ್ ಜೊತೆ ಮತ್ತೆ ಹೋದೆ. ಊತ ಇಳಿದಿತ್ತು. ವಾದವನ್ನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ.

"ನೋವಿಲ್ಲ, ಊತ ಇಲ್ಲ. ಅಂದ್ರೆ ವಾಸಿ ಆಗಿದೆ. ಅಂದ್ರೆ ಆಡ್ಬಹುದು."

"ನೋವು ಹೋಗಿದೆ. ಕಾಲಿಗೆ ಇನ್ನೂ ಬುದ್ಧಿ ಬಂದಿಲ್ಲ. ನೆಲ ಎಲ್ಲಿದೆ ಅಂತ ನೋಡ್ದೇನೇ ಅದಕ್ಕೆ ಗೊತ್ತಾಗ್ಬೇಕು. ಇಲ್ದಿದ್ರೆ ಕಂಬದ ಹತ್ರ ಇನ್ನೊಂದ್ಸಲ ಮಡಚುತ್ತೆ. ಆಮೇಲೆ ವರ್ಷಾ ವರ್ಷಾ ಅದೇ ಪಾಡು."

"ಅದು ನೀವ್ ಹೇಳೋದು. ಆಧಾರ ಏನು?"

ನಾಜ್ನೀನ್ ನನ್ನ ತೊಡೆ ಚಿವುಟಿದಳು. ಪೈಲ್ವಾನ್ ಸಿಟ್ಟಾಗಲಿಲ್ಲ. ಕುಸ್ತಿಯಲ್ಲಿ ಒಳ್ಳೆ ಪಟ್ಟು ಹಾಕಿದ ಎದುರಾಳಿಯನ್ನು ನೋಡುವ ಹಾಗೆ ನೋಡಿದರು.

"ನನ್ ಮಾತು ಬಿಡು. ಕಣ್ಮುಚ್ಚಿ ಬಲಗಾಲಲ್ಲಿ ನಿಂತ್ಕೊಂಡು ಎಣಿಸು. ಆಮೇಲೆ ಎಡಗಾಲಲ್ಲಿ ಎಣಿಸು. ಎರಡೂ ಹತ್ರ ಹತ್ರ ಬಂದ್ರೆ ಹೋಗಿ ಆಡು, ನಾನೇ ಬಂದು ಚಪ್ಪಾಳೆ ಹೊಡೀತೀನಿ. ಬರ್ದಿದ್ರೆ ಏನ್ಮಾಡ್ಬೇಕು ನೀನೇ ಹೇಳು."

ಚರ್ಚಾಸ್ಪರ್ಧೆಯ ಯಾವ ತೀರ್ಪುಗಾರರೂ ನನ್ನ ಬಾಯಿ ಅಷ್ಟು ಚೊಕ್ಕವಾಗಿ ಮುಚ್ಚಿಸಿರಲಿಲ್ಲ. ಒಳ್ಳೆ ಕಾಲನ್ನೇ ಅಳತೆಗೋಲು ಮಾಡಿ, ತಮ್ಮ ಮಾತನ್ನು ಸುಳ್ಳು ಮಾಡುವ ದಾರಿಯನ್ನು ತಾವೇ ನನ್ನ ಕೈಗೆ ಕೊಟ್ಟಿದ್ದರು.

ಪಂದ್ಯದ ಬೆಳಿಗ್ಗೆ ಬೂಟು ಕಟ್ಟಿಕೊಂಡು ಮೈದಾನದ ನೀರಿನ ಟ್ಯಾಂಕಿನ ಹಿಂದೆ ಹೋದೆ. ಯಾರೂ ಇರಲಿಲ್ಲ. ಕಣ್ಣು ಮುಚ್ಚಿ ಬಲಗಾಲಲ್ಲಿ ಮೂವತ್ತು ಎಣಿಸಿದೆ. ಎಡಗಾಲಲ್ಲಿ ಒಂಬತ್ತಕ್ಕೆ ವಾಲಿದೆ. ಕಲ್ಲಿದೆ ಎಂದು ಜಾಗ ಬದಲಿಸಿದೆ. ಹನ್ನೊಂದು. ಗಾಳಿ ಎಂದುಕೊಂಡು ಮತ್ತೆ ನಿಂತೆ. ಎಂಟು. ಆಚೆ ಮೈದಾನದಲ್ಲಿ ಸೀಟಿ ಊದುತ್ತಿದ್ದರು. ಮೂರು ಸಲ ಸೋತ ಮೇಲೆ ನಾಲ್ಕನೆಯ ನೆಪ ಹುಡುಕಲು ನನಗೇ ನಾಚಿಕೆಯಾಯಿತು.

"ಮಿಸ್, ನನ್ ಬದ್ಲು ಬೇರೆಯವರನ್ನ ಹಾಕಿ," ಅಂದೆ ಪಿ.ಟಿ. ಮಿಸ್ ಹತ್ತಿರ ಹೋಗಿ.

"ನೋವಿದ್ಯಾ?"

"ಇಲ್ಲ ಮಿಸ್. ಆದ್ರೂ ಕಾಲು ರೆಡಿ ಇಲ್ಲ."

ಒಂದು ಪಾಯಿಂಟಿನಲ್ಲಿ ಸೋತೆವು. ನಾಜ್ನೀನ್ ಅಳುತ್ತಾ, "ನಮ್ ದಾದಾ ಮಾತು ಕೇಳೋಕೆ ಇವತ್ತೇ ಬೇಕಿತ್ತಾ ನಿಂಗೆ?" ಅಂದವಳು ಒಂದು ವಾರ ಮಾತು ಬಿಟ್ಟಳು. ಆಡಿದ್ದರೆ ಗೆಲ್ಲುತ್ತಿದ್ದೆವೇ? ಗೊತ್ತಿಲ್ಲ. ಕಾಲು ಮತ್ತೆ ಉಳುಕುತ್ತಿತ್ತೇ? ಅದೂ ಗೊತ್ತಿಲ್ಲ. ಸಾಬೀತು ಮಾಡಿ ತೋರಿಸಲಾಗದ್ದನ್ನು ವಾದಿಸಲು ನಾನು ಹೋಗುವುದಿಲ್ಲ. ಇನ್ನೊಂದು ತಿಂಗಳಿಗೆ ಎರಡೂ ಕಾಲಿನ ಎಣಿಕೆ ಸಮವಾಯಿತು ಎನ್ನುವುದಷ್ಟೇ ನನ್ನ ಬಳಿ ಇರುವ ಸಾಕ್ಷಿ. ಆಮೇಲೆ ಕಾಲೇಜು ಮುಗಿಯುವವರೆಗೂ ಆಡಿದೆ.

ಪಟ್ಟಿ ಕಟ್ಟುವವರೆಲ್ಲ ಹೀಗಿದ್ದರು ಎಂದೂ ನಾನು ವಾದಿಸುವುದಿಲ್ಲ. ಎಳೆಸಿಕೊಂಡು ಮೂಳೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ನಾನು ಹೇಳುತ್ತಿರುವುದು ಒಬ್ಬರ ಬಗ್ಗೆ ಮಾತ್ರ, ಮತ್ತು ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಆ ಕೋಣೆಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನಾಜ್ನೀನ್ ಕಲ್ಯಾಣ ನಗರದಲ್ಲಿದ್ದಾಳೆ. ತಂಡದ ಉಳಿದ ಏಳು ಜನರಲ್ಲಿ ಇಬ್ಬರ ನಂಬರು ಮಾತ್ರ ನನ್ನ ಬಳಿ ಇದೆ.

ಈಗ ಏನು ಮಾಡಬೇಕೆಂದು ಹೇಳುವವರಿಗೆ ಬರವಿಲ್ಲ. ಫೋನ್ ತೆರೆದರೆ ಧೈರ್ಯ ತುಂಬುವವರು ಒಂದು ಕಡೆ, ಹೆದರಿಸುವವರು ಇನ್ನೊಂದು ಕಡೆ. ನಾನು "ನಿಮ್ಮ ಮಾತು ತಪ್ಪಾಗಿದ್ದರೆ ನನಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳುತ್ತೇನೆ. ಹೆಚ್ಚಿನವರು ಮುಖ ಗಂಟಿಕ್ಕುತ್ತಾರೆ. ಹನ್ನೆರಡು ವರ್ಷದ ಬಾಯಿಬಡುಕಿಯೊಬ್ಬಳು ಅದನ್ನೇ ಕೇಳಿದಾಗ, ಸುಲೈಮಾನಿ ಚಹಾದ ಲೋಟ ಪಕ್ಕಕ್ಕಿಟ್ಟು, ಎದ್ದು ನಿಂತು, ಒಂಟಿಗಾಲಲ್ಲಿ ನಿಲ್ಲುವುದು ಹೇಗೆಂದು ತೋರಿಸಿಕೊಟ್ಟ ಮುದುಕರೊಬ್ಬರು ಈ ಊರಿನಲ್ಲಿದ್ದರು.