ದಸ್ತಗಿರ್ ಸಾಹೇಬರ ತಿರುಗುವ ನೌಕೆ

ಗಗನನೌಕೆ ಗರಗರ ತಿರುಗುವುದು ಎಲ್ಲರಿಗೂ ಸರದಿಯ ಮೇಲೆ ಕಿಟಕಿ ಸೀಟು ಸಿಗಲೆಂದೇ ಎಂದು ನಾನು ನಂಬಿದ್ದೆ. ದಿನಾ ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬಸ್ಸಿನಲ್ಲಿ ನಿಂತು ಕೆಲಸಕ್ಕೆ ಬರುವವನ ಬುದ್ಧಿ ಅಷ್ಟೇ. ತಿದ್ದಿದವರು ನನ್ನ ಧಣಿ, ರೇಷ್ಮೆ ನೂಲು ತೆಗೆಸುವ ದಸ್ತಗಿರ್ ಸಾಹೇಬರು. ಅಂಥ ನೌಕೆಯ ನಕ್ಷೆ ಬರೆಯುವುದೇ ಅವರ ಖಯಾಲಿ. ನೂಲು ಸುತ್ತುವ ರಾಟೆಗೆ ಡಬ್ಬಿ ಕಟ್ಟಿ, ಒಳಗೊಂದು ರೇಷ್ಮೆಗೂಡು ಹಾಕಿ ತಿರುಗಿಸಿ, “ನೋಡಪ್ಪ, ಪ್ರಯಾಣಿಕ ತೇಲ್ತಿಲ್ಲ, ಅಂಚಿಗೆ ಒತ್ಕೊಂಡು ನಿಂತವ್ನೆ! ತಿರುಗಿದ್ರೆ ತೂಕ ಬರ್ತದೆ” ಎನ್ನುತ್ತಾರೆ. ಅಷ್ಟರಲ್ಲಿ ರಾಟೆ ವಾಲಿ ನೂಲು ಹರಿದು, ಕೆಲಸದ ಹೆಂಗಸರು ಬೈಯುತ್ತಾರೆ. ನೌಕೆಯ ಚಕ್ರ ಸಣ್ಣದಾದರೆ ಒಳಗಿನವರಿಗೆ ತಲೆಸುತ್ತು ಬರುತ್ತದೆಂದು ನಕ್ಷೆಯಲ್ಲಿ ಅದನ್ನು ವರ್ಷವರ್ಷವೂ ಹಿಗ್ಗಿಸಿದ್ದಾರೆ; ಈಗ ಅದು ಬಸ್ ನಿಲ್ದಾಣದಿಂದ ಗೂಡಿನ ಮಾರುಕಟ್ಟೆಯವರೆಗೆ ಚಾಚುವಷ್ಟಾಗಿದೆ. ಆಕಾಶದಲ್ಲಿ ತಿಂಗಳುಗಟ್ಟಲೆ ತೂಕ ಹೊರದಿದ್ದರೆ ಕಾಲು ಸೊರಗುತ್ತದೆಂಬುದೇ ಅವರ ಚಿಂತೆ. ಲಕ್ವ ಹೊಡೆದು ಮಲಗಿರುವ ಹೆಂಡತಿ ಜಾನ್ ಬೀಯನ್ನು ದಿನಾ ಬೆಳಿಗ್ಗೆ ತಬ್ಬಿ ಎತ್ತಿ, ನೆಲಕ್ಕೆ ಕಾಲೂರಿಸಿ ನಿಲ್ಲಿಸುತ್ತಾರೆ. “ರಾಕೆಟ್ ಮಾತು ಬಿಡಿ, ಸೊಂಟ ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದು ಆಕೆ ಗದರುತ್ತಾರೆ. ಒಮ್ಮೆ ಅವರು ಕೋಣೆಯಿಂದ ಹೊರಗೆ ಬಂದ ಮೇಲೆ, “ಅಮ್ಮ ಮತ್ತೆ ನಡೀತಾರಾ ಸಾಹೇಬ್ರೇ?” ಎಂದು ಕೇಳಿಬಿಟ್ಟೆ. “ನಡೆಯಲ್ಲ. ಹಂಗಂತ ಅವಳ ಕಾಲಿಗೆ ನಾನ್ಯಾಕೆ ಹೇಳ್ಲಿ?”